ಆಂಪ್ಲಿಫೈಯರ್ ಗುಂಯ್ ಅನ್ನುತ್ತಿದೆಯಾ? ಅರ್ಥ್ ಪಿನ್ ಮಾತ್ರ ಕೀಳಬೇಡಿ

ಪ್ರಶ್ನೆ: ಟಿವಿ ಸದ್ದು ಚೆನ್ನಾಗಿ ಕೇಳಲಿ ಅಂತ ಮನೆಯಲ್ಲಿದ್ದ ಹಳೆಯ ಸ್ಟೀರಿಯೋ ಆಂಪ್ಲಿಫೈಯರಿಗೆ ಜೋಡಿಸಿದೆವು. ಅವತ್ತಿನಿಂದ ಸ್ಪೀಕರಿನಲ್ಲಿ ಒಂದೇ ಸಮನೆ ಗುಂಯ್ ಶಬ್ದ. ವಾಲ್ಯೂಮ್ ಏರಿಸಿದರೆ ಅದೂ ಏರುತ್ತದೆ. ಎಲೆಕ್ಟ್ರಿಷಿಯನ್ ಬಂದು ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥ್ ಪಿನ್ ತೆಗೆದರು, ಶಬ್ದ ನಿಂತೇ ಹೋಯಿತು. ಹೀಗೇ ಬಿಡಬಹುದಾ? ನಮ್ಮದು ಕೇಬಲ್ ಟಿವಿ. (ತುಮಕೂರಿನ ಓದುಗರು)

ಉತ್ತರ: ಬೇಡ. ಇವತ್ತೇ ಆ ಪಿನ್ ವಾಪಸ್ ಹಾಕಿಸಿ, ಮಿಕ್ಕಿದ್ದು ಆಮೇಲೆ. ಆಂಪ್ಲಿಫೈಯರ್ ಒಳಗಿನ ಟ್ರಾನ್ಸ್‌ಫಾರ್ಮರ್ ಎಂದಾದರೂ ಸುಟ್ಟು ಲೈನ್ ತಂತಿ ಕಬ್ಬಿಣದ ಬಾಡಿಗೆ ತಾಗಿದರೆ, ಅರ್ಥ್ ಇದ್ದಾಗ ಫ್ಯೂಸ್ ಹೋಗುತ್ತದೆ ಇಲ್ಲವೇ ಎಂಸಿಬಿ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಅರ್ಥ್ ಇಲ್ಲದಿದ್ದರೆ ಬಾಡಿಯ ಮೇಲೆ 230 ವೋಲ್ಟ್ ಸುಮ್ನೆ ಕೂತಿರುತ್ತದೆ, ಆಡಿಯೋ ಕೇಬಲ್ ಹಿಡಿದು ಟಿವಿ ಮತ್ತು ಸೆಟ್‌ಟಾಪ್ ಬಾಕ್ಸಿನವರೆಗೂ ಹೋಗುತ್ತದೆ, ಮೊದಲು ಮುಟ್ಟಿದವರಿಗೆ ಹೊಡೆಯುತ್ತದೆ.

ಆದರೂ ನಿಮ್ಮ ಎಲೆಕ್ಟ್ರಿಷಿಯನ್ ಒಂದು ಉಪಕಾರ ಮಾಡಿದ್ದಾರೆ. ಪಿನ್ ತೆಗೆದ ತಕ್ಷಣ ಶಬ್ದ ನಿಂತಿತು ಅಂದರೆ ಆಂಪ್ಲಿಫೈಯರ್ ಕೆಟ್ಟಿಲ್ಲ ಅಂತಾಯಿತಲ್ವಾ? ಇದು ಗ್ರೌಂಡ್ ಲೂಪ್, ಅಂದರೆ ಎರಡು ಕಡೆ ಅರ್ಥ್ ಆಗಿರುವುದರಿಂದ ವೈರುಗಳಲ್ಲಿ ಕರೆಂಟು ಸುತ್ತು ಹಾಕುವುದು. ಆಂಪ್ಲಿಫೈಯರಿಗೆ ನಿಮ್ಮ ಮನೆಯ ಅರ್ಥ್ ಇದೆ. ಕೇಬಲ್ ಟಿವಿ ತಂತಿಯ ಶೀಲ್ಡ್ (ಒಳತಂತಿಯ ಸುತ್ತ ಇರುವ ಲೋಹದ ಹೊದಿಕೆ) ಬೀದಿಯ ಬೂಸ್ಟರಿನ ಹತ್ತಿರವೋ ಪಕ್ಕದ ಮನೆಯಲ್ಲೋ ಇನ್ನೊಂದು ಕಡೆ ಅರ್ಥ್ ಆಗಿರುತ್ತದೆ. ಈ ಎರಡು ಅರ್ಥ್‌ಗಳ ನಡುವೆ ಒಂದೆರಡು ವೋಲ್ಟ್ ವ್ಯತ್ಯಾಸ ಇದ್ದರೂ ಸಾಕು, ಆ ಕರೆಂಟು ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ ಕೇಬಲ್, ಟಿವಿ ದಾಟಿ ಕೊನೆಗೆ ಕೆಂಪು-ಬಿಳಿ ಪಿನ್ನಿನ ಆಡಿಯೋ ಕೇಬಲ್ಲಿನ ಶೀಲ್ಡ್ ಮೂಲಕ ಆಂಪ್ಲಿಫೈಯರಿಗೆ ಹರಿಯುತ್ತದೆ. ಅದು 50 ಹರ್ಟ್ಸ್ ಕರೆಂಟು. ಆಂಪ್ಲಿಫೈಯರಿಗೆ ಹಾಡು ಯಾವುದು, ಇದು ಯಾವುದು ಅಂತ ಗೊತ್ತಾಗಲ್ಲ, ಎರಡನ್ನೂ ದೊಡ್ಡದು ಮಾಡಿ ಕಳಿಸುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಪೈಸೆ ಖರ್ಚಿಲ್ಲ. ಅರ್ಥ್ ಪಿನ್ ಹಾಕಿಸಿ, ಶಬ್ದ ಬರಲಿ, ಈಗ ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲ್ ವೈರನ್ನು ತಿರುಗಿಸಿ ಬಿಚ್ಚಿ. ಶಬ್ದ ನಿಂತರೆ ಕಳ್ಳ ಸಿಕ್ಕಿದ. ನಿಲ್ಲದಿದ್ದರೆ ಎಚ್‌ಡಿಎಂಐ, ಆಮೇಲೆ ಆಡಿಯೋ ಕೇಬಲ್, ಹೀಗೆ ಒಂದೊಂದಾಗಿ ಬಿಚ್ಚುತ್ತಾ ಬನ್ನಿ.

ಪರಿಹಾರಗಳಲ್ಲಿ ನನಗೆ ಇಷ್ಟವಾದದ್ದು ಆಪ್ಟಿಕಲ್ ಕೇಬಲ್. ಅದರಲ್ಲಿ ಹೋಗುವುದು ಬೆಳಕು. ತಾಮ್ರವೇ ಇಲ್ಲದ ಮೇಲೆ ಲೂಪ್ ಎಲ್ಲಿಂದ? ನಿಮ್ಮ ಟಿವಿಯಲ್ಲಿ ಆಪ್ಟಿಕಲ್ ಔಟ್ ಇದೆಯಾ ನೋಡಿ. ಹಳೆಯ ಆಂಪ್ಲಿಫೈಯರಿನಲ್ಲಿ ಅದಕ್ಕೆ ಜಾಗ ಇರಲ್ಲ, ನಡುವೆ ಒಂದು ಚಿಕ್ಕ ಡಿಎಸಿ ಡಬ್ಬಿ (ಡಿಜಿಟಲ್ ಸದ್ದನ್ನು ಹಳೆಯ ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡಿಕೊಡುವುದು) ಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ: ಆ ಡಬ್ಬಿಗೆ ಕರೆಂಟನ್ನು ಟಿವಿಯ ಯುಎಸ್‌ಬಿ ಪೋರ್ಟಿನಿಂದಲೇ ಕೊಡುತ್ತಾರೆ. ಆಗ ಆ ಯುಎಸ್‌ಬಿ ವೈರಿನ ಮೂಲಕ ಲೂಪ್ ಮತ್ತೆ ಕೂಡಿಕೊಳ್ಳುತ್ತದೆ, ಗುಂಯ್ ಅನ್ನುವುದೂ ವಾಪಸ್ ಬರುತ್ತದೆ. ಬೇರೆ ಮೊಬೈಲ್ ಚಾರ್ಜರಿನಿಂದ ಕೊಡಿ. ಟಿವಿ ಸೆಟ್ಟಿಂಗಿನಲ್ಲಿ ಡಿಜಿಟಲ್ ಆಡಿಯೋವನ್ನು ಪಿಸಿಎಂ ಅಂತ ಇಡಿ, ಇಲ್ಲದಿದ್ದರೆ ಸಾಧಾರಣ ಡಬ್ಬಿಗಳಿಂದ ಸದ್ದೇ ಬರದೆ ಹೋಗಬಹುದು.

ಆಪ್ಟಿಕಲ್ ಇಲ್ಲವೇ? ಕೇಬಲ್ ವೈರಿಗೆ ಹಾಕುವ ಐಸೊಲೇಟರ್ ಸಿಗುತ್ತದೆ, ಅದು ಚಾನೆಲ್ ಸಿಗ್ನಲನ್ನು ದಾಟಿಸಿ ಲೂಪಿನ ಕರೆಂಟನ್ನು ತಡೆಯುತ್ತದೆ. ಆದರೆ ಡಿಶ್ ಇರುವವರು ಇದನ್ನು ಕಣ್ಣುಮುಚ್ಚಿ ಕೊಳ್ಳಬೇಡಿ. ಡಿಶ್‌ನ ವೈರಿನಲ್ಲೇ ಎಲ್‌ಎನ್‌ಬಿಗೆ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಡಬ್ಬಿಗೆ) 13 ಅಥವಾ 18 ವೋಲ್ಟ್ ಡಿಸಿ ಹೋಗಬೇಕು, ಸಾಧಾರಣ ಐಸೊಲೇಟರ್ ಅದನ್ನು ತಡೆದುಬಿಡುತ್ತದೆ, ಚಾನೆಲ್ ಬರುವುದೇ ಇಲ್ಲ.

ಹಾಗೇ ಮನೆಯ ಅರ್ಥ್ ನಿಜಕ್ಕೂ ಇದೆಯಾ ಅಂತಲೂ ನೋಡಿಸಿ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಮೂರನೆಯದರ ಹಿಂದೆ ವೈರೇ ಇರಲ್ಲ! ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟರೆ ಲೈನ್-ನ್ಯೂಟ್ರಲ್ ನಡುವೆ ಎಷ್ಟು ಬರುತ್ತದೋ ಲೈನ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದ್ದರೆ ನೀರು ಹಾಕಿ. ಇದರಿಂದ ಗುಂಯ್ ಹೋಗುತ್ತದೆ ಅಂತ ಅಲ್ಲ, ಅದು ಬೇರೆ ವಿಷಯ, ಆದರೆ ಜೀವ ಉಳಿಸುವ ಅರ್ಥ್ ಅದು.

ಪ್ರಶ್ನೆ: ಲ್ಯಾಪ್‌ಟಾಪನ್ನು ಆಂಪ್ಲಿಫೈಯರಿಗೆ ಹಾಕಿದರೆ ಕಿಂಯ್ ಕಿಂಯ್ ಅನ್ನುತ್ತದೆ, ಮೌಸ್ ಅಲ್ಲಾಡಿಸಿದರೆ ಆ ಶಬ್ದ ಬದಲಾಗುತ್ತದೆ. ಲ್ಯಾಪ್‌ಟಾಪ್ ಬಾಡಿ ಮುಟ್ಟಿದರೆ ಸಣ್ಣಗೆ ಜುಂ ಅನ್ನಿಸುತ್ತದೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಶಬ್ದ, ಜುಂ ಎರಡೂ ಹೋದರೆ ಮೂಲ ಚಾರ್ಜರೇ. ಎರಡು ಪಿನ್ನಿನ ಚಾರ್ಜರ್ ಒಳಗೆ ಮೇನ್ಸ್ ಕಡೆಯಿಂದ ಔಟ್‌ಪುಟ್ ಕಡೆಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ, ಅದರಿಂದ ಸ್ವಲ್ಪ ಕರೆಂಟು ಸೋರುತ್ತದೆ. ಒಳ್ಳೆಯ ಚಾರ್ಜರಿನಲ್ಲಿ ಅದು ಅಪಾಯಕ್ಕಿಂತ ತುಂಬಾ ಕೆಳಗೆ, ಆದರೂ ಟೆಸ್ಟರ್ ಇಟ್ಟರೆ ದೀಪ ಮಿಣುಕುತ್ತದೆ. ಹೆಸರಿಲ್ಲದ ಅಗ್ಗದ ಚಾರ್ಜರ್ ಆಗಿದ್ದರೆ ಮಾತ್ರ ಈಗಲೇ ಬದಲಿಸಿ. ಶಬ್ದಕ್ಕೆ ಆಡಿಯೋ ವೈರಿನ ನಡುವೆ ಹಾಕುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸಾಕು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೇಸ್ ಸ್ವಲ್ಪ ಕಮ್ಮಿಯಾಗಬಹುದು.

ಪ್ರಶ್ನೆ: ಅಪ್ಪ ಕೊಂಡ ಆಂಪ್ಲಿಫೈಯರ್. ವಾಲ್ಯೂಮ್ ತಿರುಗಿಸಿದರೆ ಕರಕರ. ಎಲ್ಲ ವೈರ್ ಬಿಚ್ಚಿ ವಾಲ್ಯೂಮ್ ಸೊನ್ನೆಗೆ ಇಟ್ಟರೂ ಬುರ್ರ್ ಅನ್ನುತ್ತದೆ. (ಶಿವಮೊಗ್ಗದ ಓದುಗರು)

ಉತ್ತರ: ಎರಡು ಬೇರೆ ಬೇರೆ ಕಾಯಿಲೆ. ಕರಕರ ಸಾಮಾನ್ಯವಾಗಿ ವಾಲ್ಯೂಮ್ ಕಂಟ್ರೋಲಿನ ಒಳಗಿನ ಧೂಳು. ಪ್ಲಗ್ ಕಿತ್ತು, ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಬಿಟ್ಟು ಕೊನೆಯಿಂದ ಕೊನೆಗೆ ಚೆನ್ನಾಗಿ ತಿರುಗಿಸಿದರೆ ಬಹಳ ಸಲ ಸರಿಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯಬೇಡಿ.

ಬುರ್ರ್ ಅನ್ನುವುದು ಒಳಗಿನದೇ. ಯಾವ ವೈರೂ ಇಲ್ಲದಾಗ ಗ್ರೌಂಡ್ ಲೂಪ್ ಬರಲ್ಲ. ಪವರ್ ಸಪ್ಲೈಯ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಜಾಸ್ತಿ, ಆಗ 100 ಹರ್ಟ್ಸ್ ಶಬ್ದ ಬರುತ್ತದೆ. ಇದನ್ನು ಮೆಕ್ಯಾನಿಕ್‌ಗೆ ಬಿಡಿ, ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಹೊಸದು ಹಾಕುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ರೇಟಿಂಗ್ ಹಳೆಯದಕ್ಕಿಂತ ಕಮ್ಮಿ ಆಗಬಾರದು. ಸ್ಪೀಕರ್ ಬಿಚ್ಚಿ ಔಟ್‌ಪುಟ್‌ನಲ್ಲಿ ಡಿಸಿ ಅಳೆಯಲು ಹೇಳಿ. ಕೆಲವು ಮಿಲಿವೋಲ್ಟ್ ಇದ್ದರೆ ಚಿಂತೆಯಿಲ್ಲ, ವೋಲ್ಟ್‌ಗಟ್ಟಲೆ ಬಂದರೆ ಸರಿಮಾಡುವವರೆಗೆ ಸ್ಪೀಕರ್ ಹಾಕಬೇಡಿ, ಕಾಯಿಲ್ ಸುಡುತ್ತದೆ.

ಪ್ರಶ್ನೆ: ಕರೆಂಟು ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಗರ್ ಅನ್ನುತ್ತದೆ. (ಹಾಸನದ ಓದುಗರು)

ಉತ್ತರ: ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು, ಅದರ ಕರೆಂಟಿನ ಅಲೆ ಮೇನ್ಸಿನಂತೆ ನಯವಾಗಿರದೆ ಚೌಕಾಕಾರವಾಗಿರುತ್ತದೆ. ಆ ಕರೆಂಟಿಗೆ ಟ್ರಾನ್ಸ್‌ಫಾರ್ಮರೇ ಗರ್ ಅನ್ನುತ್ತದೆ, ಆಂಪ್ಲಿಫೈಯರ್ ತಪ್ಪಲ್ಲ. ಇನ್ವರ್ಟರ್ ಬದಲಿಸುವ ಕಾಲ ಬಂದಾಗ ಸೈನ್ ವೇವ್ ತೆಗೆದುಕೊಳ್ಳಿ, ಅಲ್ಲಿಯವರೆಗೆ ಆ ಹೊತ್ತಿನಲ್ಲಿ ಆಂಪ್ಲಿಫೈಯರ್ ಆಫ್ ಮಾಡಿ ಇಡಿ. ಮೇನ್ಸ್ ಇದ್ದಾಗಲೂ ಅಂಥ ಶಬ್ದ ಬಂದರೆ ಫ್ಯಾನ್ ಆಫ್ ಮಾಡಿ ನೋಡಿ, ಕೆಲವು ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳು ಕರೆಂಟಿನ ಅಲೆಯನ್ನು ಕತ್ತರಿಸಿ ಇದೇ ಗಲಾಟೆ ಮಾಡುತ್ತವೆ. ಸ್ಟೆಪ್ ಇರುವ ಕೆಪಾಸಿಟರ್ ರೆಗ್ಯುಲೇಟರಿಗೆ ಈ ತೊಂದರೆ ಇಲ್ಲ.