ಮೈಲಿಗಲ್ಲಿನ ಲೆಕ್ಕ

ಪ್ರಶ್ನೆ: ಇಬ್ಬರು ಮಕ್ಕಳೊಂದಿಗೆ ನಾಲ್ಕು ದಿನ ಕಾರಿನಲ್ಲಿ ಪ್ರವಾಸ ಹೊರಟಿದ್ದೇವೆ. ಮಕ್ಕಳು ಏನಾದರೂ ಕಲಿಯಬೇಕು, ಖರ್ಚೂ ಕೈಮೀರಬಾರದು. ಹೇಗೆ ಯೋಜಿಸುವುದು?

ಉತ್ತರ: ಮೊದಲು ಇಂಧನದ ಲೆಕ್ಕ ಹಾಕಿ. 900 ಕಿ.ಮೀ. ದಾರಿ, ಲೀಟರಿಗೆ 15 ಕಿ.ಮೀ. ಮೈಲೇಜ್ ಎಂದರೆ 60 ಲೀಟರ್. ಅಡ್ಡದಾರಿ, ಊರೊಳಗಿನ ಸುತ್ತಾಟಕ್ಕೆ ಇನ್ನೂ 9 ಲೀಟರ್ ಸೇರಿಸಿ. ಮೈಲೇಜ್ ನೀವು ಅಳೆದದ್ದಾಗಿರಲಿ. ಕಂಪನಿ ಹೇಳಿದ್ದನ್ನು ನಂಬಿದರೆ ಬಜೆಟ್ ಅಲ್ಲೇ ತಪ್ಪುತ್ತದೆ. ಸಾಮಾನು ಕಾರಿನ ಮೇಲೆ ಕಟ್ಟಬೇಡಿ, ಗಾಳಿಯ ತಡೆ ಹೆಚ್ಚಿ ಇಂಧನ ಕುಡಿಯುತ್ತದೆ. ಟೈರ್ ತಣ್ಣಗಿದ್ದಾಗಲೇ, ತುಂಬಿದ ಗಾಡಿಗೆ ಸೂಚಿಸಿರುವಷ್ಟು ಗಾಳಿ ಹಾಕಿಸಿ.

ದಿನಕ್ಕೆ ಎರಡು ಜಾಗ ಸಾಕು. ಮೂರನೆಯದನ್ನು ಮಕ್ಕಳು ನಿದ್ದೆಗಣ್ಣಲ್ಲೇ ನೋಡುತ್ತಾರೆ. ಅನೇಕ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಫೋನ್ ಮಾಡಿ, ಉಚಿತ ಪ್ರವೇಶದ ದಿನವಿದೆಯೇ ಎಂದೂ ಕೇಳಿಕೊಳ್ಳಿ.

ಕಲಿಯಲು ಟಿಕೆಟ್ಟೇ ಬೇಕೆಂದಿಲ್ಲ. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡ್ ಹಿಡಿಯಿತೆಂದು ಮಕ್ಕಳು ಎಣಿಸಲಿ. 3600ನ್ನು ಅದರಿಂದ ಭಾಗಿಸಿದರೆ ವೇಗ ಸಿಗುತ್ತದೆ: 50 ಸೆಕೆಂಡಾದರೆ ಗಂಟೆಗೆ 72 ಕಿ.ಮೀ. ಸ್ಪೀಡೋಮೀಟರ್ ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುತ್ತದೆ. ಯಾಕೆಂದು ಕೇಳದೆ ಬಿಡುವುದಿಲ್ಲ, ಉತ್ತರ ಸಿದ್ಧವಿರಲಿ: ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದೆಂದೇ ಅದನ್ನು ಹಾಗೆ ಹೊಂದಿಸಿರುತ್ತಾರೆ.