ಲಾಡ್ಜ್‌ನ ವಾರ್ಷಿಕ ಔತಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸ್ನೇಹಿತರೊಬ್ಬರು ಫ್ರೀಮೇಸನ್, ಅಂದರೆ ಆ ಹೆಸರಿನ ಹಳೆಯ ಸೋದರ ಬಳಗದ ಸದಸ್ಯರು; ಆ ಬಳಗದ ಸ್ಥಳೀಯ ಶಾಖೆಯನ್ನು ಲಾಡ್ಜ್ ಎನ್ನುತ್ತಾರೆ. ಲಾಡ್ಜ್‌ನ ವರ್ಷದ ಕೂಟಕ್ಕೂ ಊಟಕ್ಕೂ ನಮ್ಮನ್ನು ದಂಪತಿ ಸಮೇತ ಕರೆದಿದ್ದಾರೆ. ಸದಸ್ಯರಲ್ಲದವರು ಹೋಗಬಹುದೇ? ಅಲ್ಲಿ ನಮಗೆ ಗೊತ್ತಿಲ್ಲದ ವಿಧಿಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲವೇ?

ಉತ್ತರ: ಧಾರಾಳವಾಗಿ ಹೋಗಿ. ಲಾಡ್ಜ್‌ನ ಸಭೆಯೇ ಬೇರೆ, ಊಟವೇ ಬೇರೆ. ಸಭೆ ಸದಸ್ಯರಿಗೆ ಮಾತ್ರ. ಅದು ನಡೆಯುವಾಗ ಬಾಗಿಲ ಹೊರಗೆ ಟೈಲರ್ ಎಂಬ ಅಧಿಕಾರಿ ಕತ್ತಿ ಹಿಡಿದು ಕಾವಲಿರುತ್ತಾರೆ. ಅತಿಥಿಗಳನ್ನು ಕರೆಯುವುದು ಊಟಕ್ಕೆ; ಅಲ್ಲಿ ನಿಮ್ಮಿಂದ ಯಾವ ಪ್ರತಿಜ್ಞೆಯನ್ನೂ ಯಾರೂ ಕೇಳುವುದಿಲ್ಲ.

ಆಮಂತ್ರಣವನ್ನು ಒಮ್ಮೆ ಗಮನವಿಟ್ಟು ಓದಿ. ಎರಡು ಸಮಯ ಅಚ್ಚಾಗಿದ್ದರೆ ಮೊದಲನೆಯದು ಸಭೆಗೆ, ಎರಡನೆಯದು ಊಟಕ್ಕೆ. ನೀವು ಎರಡನೆಯ ಸಮಯಕ್ಕೆ ಹದಿನೈದು ನಿಮಿಷ ಮುಂಚೆ ತಲುಪಿದರೆ ಸಾಕು. ಹೊಸ ಮಾಸ್ಟರ್ (ಲಾಡ್ಜ್‌ನ ಮುಖ್ಯಸ್ಥರು) ಪೀಠಕ್ಕೆ ಬರುವ ದಿನವಾದರೆ ಸಭೆ ಉದ್ದವಾಗುತ್ತದೆ, ಊಟ ಅರ್ಧ ಗಂಟೆ ತಡವಾಗುವುದೂ ಉಂಟು. ಹೊಟ್ಟೆ ಪೂರ್ತಿ ಖಾಲಿ ಇಟ್ಟುಕೊಂಡು ಹೋಗಬೇಡಿ. ಒಂದೇ ಸಮಯವಿದ್ದು ಕುಟುಂಬ ಸಮೇತ ಕರೆದಿದ್ದರೆ ಅಂದು ಸಭೆಯೇ ಇರುವುದಿಲ್ಲ, ಇಡೀ ಸಂಜೆ ಎಲ್ಲರದು.

ಊಟ ಈ ಬಳಗಕ್ಕೆ ಆಮೇಲೆ ಅಂಟಿಕೊಂಡ ಅಲಂಕಾರವಲ್ಲ. ಸಂಪ್ರದಾಯದ ಪ್ರಕಾರ 1717ರ ಜೂನ್ 24ರಂದು, ಸಂತ ಜಾನ್‌ನ ಹಬ್ಬದ ದಿನ, ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಒಂದು ಪಾನಗೃಹದಲ್ಲಿ ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜ್‌ಗಳ ಮೇಲಿನ ಸಂಸ್ಥೆಯನ್ನು, ಕಟ್ಟಿದವು. ಆ ದಿನದ ಕಾರ್ಯಕ್ರಮದಲ್ಲಿ ಸಭೆಯ ಜೊತೆಗೆ ಔತಣವೂ ಇತ್ತು. ಇಂದಿಗೂ ಊಟ ಬಿಟ್ಟು ಓಡುವ ಸದಸ್ಯರನ್ನು ಹಿರಿಯರು ಮೆಚ್ಚುವುದಿಲ್ಲ. ಅವರ ಮಾತು ನ್ಯಾಯವಾದುದೇ: ಪರಿಚಯ ಗಟ್ಟಿಯಾಗುವುದು ಮೇಜಿನ ಬಳಿ.

ಪ್ರಶ್ನೆ: ಆಮಂತ್ರಣದಲ್ಲಿ ‘ಬ್ಲ್ಯಾಕ್ ಟೈ’ ಎಂದಿದೆ. ಸೂಟಿಗೆ ಕಪ್ಪು ಟೈ ಕಟ್ಟಿದರೆ ಆಯಿತಲ್ಲವೇ?

ಉತ್ತರ: ಆಗುವುದಿಲ್ಲ. ಹಾಗೆಂದರೆ ಡಿನ್ನರ್ ಜಾಕೆಟ್ ಮತ್ತು ಕಪ್ಪು ಬೋ ಟೈ. ‘ಡಾರ್ಕ್ ಸೂಟ್’ ಎಂದಿದ್ದರೆ ಕಪ್ಪು ಅಥವಾ ಕಡು ನೀಲಿ ಸೂಟು, ಬಿಳಿ ಅಂಗಿ, ಸರಳ ಟೈ. ಹೆಂಗಸರು ಸಂಜೆಯ ಸಮಾರಂಭಕ್ಕೆ ಒಪ್ಪುವ ಯಾವ ಉಡುಪಿನಲ್ಲಾದರೂ ಹೋಗಬಹುದು. ಏಪ್ರನ್, ಪಟ್ಟಿ, ಬಿಳಿ ಕೈಗವಸು ಸದಸ್ಯರವು. ನೆನಪಿಗೆಂದು ತೊಟ್ಟು ಫೋಟೊ ತೆಗೆಸಿಕೊಳ್ಳಲು ಕೇಳಬೇಡಿ.

ಪ್ರಶ್ನೆ: ಊಟದ ಮಧ್ಯೆ ಮತ್ತೆ ಮತ್ತೆ ಸುತ್ತಿಗೆ ಬಡಿಯುತ್ತಾರೆ, ಎಲ್ಲರೂ ಎದ್ದು ಲೋಟ ಎತ್ತುತ್ತಾರೆ ಎಂದು ಕೇಳಿದ್ದೇನೆ. ನಾನು ಮದ್ಯ ಮುಟ್ಟುವುದಿಲ್ಲ. ಏನು ಮಾಡಲಿ?

ಉತ್ತರ: ನೀರನ್ನೋ ಹಣ್ಣಿನ ರಸವನ್ನೋ ಎತ್ತಿ. ಯಾರೂ ತಪ್ಪು ತಿಳಿಯುವುದಿಲ್ಲ. ಸದಸ್ಯರಲ್ಲೇ ಅನೇಕರು ಹಾಗೆ ಮಾಡುತ್ತಾರೆ. ಲೋಟ ಮಾತ್ರ ಖಾಲಿ ಇರಬಾರದು.

ಸುತ್ತಿಗೆಯ ಕ್ರಮ ಹೀಗೆ. ಮಾಸ್ಟರ್ ಒಂದು ಏಟು ಹಾಕುತ್ತಾರೆ, ಅವರ ನಂತರದ ಇಬ್ಬರು ಅಧಿಕಾರಿಗಳಾದ ಸೀನಿಯರ್ ವಾರ್ಡನ್ ಮತ್ತು ಜೂನಿಯರ್ ವಾರ್ಡನ್ ತಮ್ಮ ಜಾಗಗಳಿಂದ ಅದಕ್ಕೆ ಉತ್ತರವಾಗಿ ಒಂದೊಂದು ಹಾಕುತ್ತಾರೆ. ಮೂರನೆಯ ಏಟು ಬೀಳುವ ಹೊತ್ತಿಗೆ ಮಾತು ನಿಲ್ಲಬೇಕು, ಚಮಚ ತಟ್ಟೆಯ ಮೇಲೆ ಕೂರಬೇಕು. ಬಳಿಕ ಯಾರ ಹೆಸರಿನಲ್ಲಿ ಟೋಸ್ಟ್ (ಲೋಟ ಎತ್ತಿ ಗೌರವ ಸೂಚಿಸುವುದು) ಎಂದು ಹೇಳುತ್ತಾರೆ. ಎಲ್ಲರೂ ಎದ್ದಾಗ ಏಳಿ, ಹೆಸರನ್ನು ಅವರೊಂದಿಗೆ ಹೇಳಿ, ಒಂದು ಗುಟುಕು ಕುಡಿದು ಕುಳಿತುಕೊಳ್ಳಿ. ಪೂರ್ತಿ ಲೋಟ ಬರಿದು ಮಾಡಬೇಡಿ. ಇಡೀ ಸಂಜೆಯಲ್ಲಿ ಏಳೆಂಟು ಟೋಸ್ಟ್ ಬಂದರೆ ಮೂರನೆಯದಕ್ಕೇ ಲೋಟ ಒಣಗಿರುತ್ತದೆ. ಮೊದಲನೆಯದು ಸಾಮಾನ್ಯವಾಗಿ ರಾಷ್ಟ್ರದ ಮುಖ್ಯಸ್ಥರ ಹೆಸರಿನಲ್ಲಿ. ಆಮೇಲೆ ಗ್ರ್ಯಾಂಡ್ ಮಾಸ್ಟರ್ (ಗ್ರ್ಯಾಂಡ್ ಲಾಡ್ಜ್‌ನ ಮುಖ್ಯಸ್ಥರು), ಆ ಲಾಡ್ಜ್‌ನ ಮಾಸ್ಟರ್, ಅತಿಥಿಗಳು. ಟೋಸ್ಟ್ ನಿಮ್ಮ ಹೆಸರಿನಲ್ಲೇ, ಅಂದರೆ ಅತಿಥಿಗಳ ಹೆಸರಿನಲ್ಲೇ ಬಂದಾಗ ಏಳಬಾರದು, ಕುಡಿಯಲೂಬಾರದು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಪಕ್ಕದವರು ಎದ್ದರೆಂದು ನೀವೂ ಏಳಬೇಡಿ, ಸುಮ್ಮನೆ ನಗುಮುಖದಿಂದ ಕುಳಿತಿರಿ.

ಕೆಲವು ಟೋಸ್ಟ್‌ಗಳ ನಂತರ ಸದಸ್ಯರು ಕೈಸನ್ನೆ ಮಾಡಿ ಲಯಬದ್ಧವಾಗಿ ಚಪ್ಪಾಳೆ ತಟ್ಟುತ್ತಾರೆ, ಇಲ್ಲವೇ ದಪ್ಪ ತಳದ ಪುಟ್ಟ ಲೋಟವನ್ನು ಮೇಜಿಗೆ ಕುಟ್ಟುತ್ತಾರೆ. ಇದನ್ನು ‘ಫೈರ್’ ಎನ್ನುತ್ತಾರೆ. ಅದನ್ನು ನೋಡಿದರೆ ಸಾಕು, ಅನುಕರಿಸಬೇಕಿಲ್ಲ. ಮಾಮೂಲಿ ಕಾಂಡದ ಲೋಟವನ್ನಂತೂ ಕುಟ್ಟಲೇಬೇಡಿ, ಅದು ಒಡೆಯುತ್ತದೆ. ಕುಟ್ಟುವ ಲೋಟದ ತಳ ದಪ್ಪವಿರುವುದು ಅದಕ್ಕೇ.

ರಾತ್ರಿ ಒಂಬತ್ತಕ್ಕೆ ಅನೇಕ ಲಾಡ್ಜ್‌ಗಳಲ್ಲಿ ಬರಲಾಗದ ಸೋದರರ ಹೆಸರಿನಲ್ಲಿ ಟೋಸ್ಟ್ ಇರುತ್ತದೆ. ಆಗ ಗಡಿಯಾರದ ಮುಳ್ಳುಗಳು ಮೇಸನರ ಮೂಲೆಮಟ್ಟದಂತೆ ಸರಿಯಾಗಿ ಲಂಬಕೋನದಲ್ಲಿರುತ್ತವೆ. ಎಲ್ಲಕ್ಕಿಂತ ಕೊನೆಯದು ಟೈಲರ್‌ನ ಟೋಸ್ಟ್, ಕಷ್ಟದಲ್ಲಿರುವ ಮೇಸನರಿಗಾಗಿ. ಅದಾಗುವವರೆಗೆ ಎದ್ದು ಹೊರಡುವುದು ಸಲ್ಲದು. ಬೇಗ ಹೋಗಲೇಬೇಕಾದರೆ ಕರೆದವರಿಗೆ ಊಟಕ್ಕೆ ಕೂರುವ ಮೊದಲೇ ಹೇಳಿ, ಬಾಗಿಲ ಕಡೆಯ ಕುರ್ಚಿ ಕೇಳಿ.

ಪ್ರಶ್ನೆ: ಇನ್ನೊಂದು ಬಳಗದ ಕೂಟದಲ್ಲಿ ರಾತ್ರಿ ಹನ್ನೊಂದಕ್ಕೆ ಎಲ್ಲವನ್ನೂ ನಿಲ್ಲಿಸಿದರು. ಅದೂ ಇದೇ ಪದ್ಧತಿಯೇ?

ಉತ್ತರ: ಅದು ಎಲ್ಕ್ಸ್ ಬಳಗದ್ದಿರಬೇಕು. 1868ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಈ ಬಳಗದವರು ಹನ್ನೊಂದು ಗಂಟೆಗೆ ಅಗಲಿದ ಮತ್ತು ದೂರವಿರುವ ಸದಸ್ಯರನ್ನು ನೆನೆಯುತ್ತಾರೆ. ಸಂಗೀತ, ಕುಣಿತ ಏನೇ ನಡೆಯುತ್ತಿದ್ದರೂ ನಿಲ್ಲುತ್ತದೆ. ನೀವೂ ನಿಂತಲ್ಲೇ ನಿಂತು ಕೇಳಿ.

ಪ್ರಶ್ನೆ: ಈ ವರ್ಷ ನಮ್ಮ ಲಾಡ್ಜ್‌ನ ಊಟದ ಹೊಣೆ ನನ್ನದು. ಸುಮಾರು 60 ಜನ. ಕಳೆದ ಸಲ ಊಟ ತಣ್ಣಗಾಯಿತು, ಭಾಷಣ ಮುಗಿಯಲೇ ಇಲ್ಲ ಎಂಬ ದೂರು ಬಂದಿತ್ತು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಜಿನ ನಕ್ಷೆಯಿಂದ. ಒಬ್ಬರಿಗೆ 60 ಸೆಂ.ಮೀ. ಅಗಲ ಬೇಕು, ಅದಕ್ಕಿಂತ ಕಡಿಮೆಯಾದರೆ ಮೊಣಕೈ ತಾಗುತ್ತದೆ. ತಲೆಮೇಜಿನಲ್ಲಿ ಒಂದೇ ಬದಿಗೆ 11 ಜನರನ್ನು ಕೂರಿಸಿ. ಬೆಸ ಸಂಖ್ಯೆ ಇದ್ದರೆ ಮಾಸ್ಟರ್ ಸರಿಯಾಗಿ ನಡುವೆ ಬರುತ್ತಾರೆ. ಈ ಮೇಜಿಗೆ 6.6 ಮೀಟರ್ ಉದ್ದ ಬೇಕು. ಅದರಿಂದ ಮೂರು ಉದ್ದ ಮೇಜುಗಳು ಕೆಳಗಿಳಿಯಲಿ, ಒಂದೊಂದರ ಎರಡೂ ಬದಿಗೆ ಎಂಟೆಂಟು ಜನ. ಹೊರಗಿನ ಎರಡು ಮೇಜುಗಳ ತುದಿಯಲ್ಲಿ ವಾರ್ಡನ್‌ಗಳು. ಒಟ್ಟು 61 ಜಾಗ, ಒಂದು ಹೆಚ್ಚಿಗೆ. ಮೇಜುಗಳ ನಡುವೆ 1.8 ಮೀಟರ್ ಬಿಡಿ. ಕುರ್ಚಿ ಹಿಂದೆ ಸರಿದಾಗಲೂ ಬಡಿಸುವವರು ತಟ್ಟೆ ಹಿಡಿದು ಹಾದುಹೋಗಬೇಕಲ್ಲ. ಸುತ್ತುಮೇಜು ಬೇಕೆಂದರೆ 1.8 ಮೀಟರ್ ವ್ಯಾಸದ್ದಕ್ಕೆ ಹತ್ತು ಜನ, 1.5 ಮೀಟರಿನದಕ್ಕೆ ಎಂಟು.

ಊಟ ತಣ್ಣಗಾಗಲು ಮುಖ್ಯ ಕಾರಣ ಅಡುಗೆಯವರಲ್ಲ, ಟೋಸ್ಟ್. ತಟ್ಟೆ ಮೇಜಿಗೆ ಬರುತ್ತಿರುವಾಗ ಸುತ್ತಿಗೆ ಬಿದ್ದರೆ ಬಡಿಸುವವರು ನಿಂತಲ್ಲೇ ನಿಲ್ಲುತ್ತಾರೆ, ಅಡುಗೆಮನೆಯಲ್ಲಿ ಉಳಿದ ತಟ್ಟೆಗಳು ಸಾಲುಗಟ್ಟುತ್ತವೆ. ನಾಲ್ವರು ಬಡಿಸುವವರು ತಲಾ ಮೂರು ತಟ್ಟೆ ಹಿಡಿದರೆ 60 ಜನಕ್ಕೆ ಐದು ಸುತ್ತು. ಪ್ರತಿ ಸುತ್ತು ಒಂದೂವರೆ ನಿಮಿಷ ಎಂದರೂ ಏಳೆಂಟು ನಿಮಿಷ. ಆ ಏಳೆಂಟು ನಿಮಿಷ ಸುತ್ತಿಗೆ ಮುಟ್ಟುವಂತಿಲ್ಲ ಎಂದು ಮಾಸ್ಟರ್‌ಗೆ ಮೊದಲೇ ಹೇಳಿ. ಒಂಬತ್ತರ ಟೋಸ್ಟ್ ಇದ್ದರೆ ಮುಖ್ಯ ಊಟದ ತಟ್ಟೆಗಳನ್ನು 8.50ರೊಳಗೆ ತೆರವು ಮಾಡಿಸಿ, ಸಿಹಿಯನ್ನು 9.05ಕ್ಕೆ ಬಿಡಿ. ಈ ವೇಳಾಪಟ್ಟಿಯ ಒಂದು ಪ್ರತಿ ಅಡುಗೆಮನೆಯ ಗೋಡೆಗೆ, ಇನ್ನೊಂದು ಮಾಸ್ಟರ್ ಕೈಗೆ. ಬಿಸಿ ಅಡುಗೆ ಕಾದಿರಬೇಕಾದರೆ 60 ಡಿಗ್ರಿಗಿಂತ ಕೆಳಗಿಳಿಯದಂತೆ ಇಡಿ. ಇದು ರುಚಿಯ ಮಾತಷ್ಟೇ ಅಲ್ಲ, ಆರೋಗ್ಯದ್ದೂ ಹೌದು.

ಟೋಸ್ಟ್‌ಗೆಂದು ತಲೆಗೆ 150 ಮಿ.ಲೀ. ಹಿಡಿಯಿರಿ: ಏಳು ಟೋಸ್ಟ್, ಒಂದೊಂದಕ್ಕೆ 20 ಮಿ.ಲೀ. ಗುಟುಕು. 60 ಜನಕ್ಕೆ 9 ಲೀಟರ್, ಅಂದರೆ 750 ಮಿ.ಲೀ.ನ 12 ಬಾಟಲಿ. ಕುಡಿಯದವರಿಗೆ ಬೇಕಾದ ರಸವನ್ನು ಈ ಲೆಕ್ಕದೊಳಗೇ ಸೇರಿಸಿ. ‘ಅವರಿಗೆ ನೀರು ಇದೆಯಲ್ಲ’ ಎಂದು ಬಿಡಬೇಡಿ.

ತಲೆ ಎಣಿಕೆಯನ್ನು ಏಳು ದಿನ ಮುಂಚೆ ಮುಗಿಸಿ, ಅದರ ಮೇಲೆ ಮೂರು ಊಟ ಹೆಚ್ಚಿಗೆ ಹೇಳಿಡಿ. ಸಸ್ಯಾಹಾರ, ಅಲರ್ಜಿ ಇರುವವರ ಹೆಸರುಚೀಟಿಯ ಮೂಲೆಗೆ ಬಣ್ಣದ ಚುಕ್ಕೆ ಇಟ್ಟರೆ ಬಡಿಸುವವರು ಪ್ರತಿಯೊಬ್ಬರನ್ನೂ ಕೇಳಬೇಕಾಗುವುದಿಲ್ಲ. ಚೀಟಿ ಅದಲುಬದಲಾದರೆ ಚುಕ್ಕೆಯೂ ಬದಲಾಗುತ್ತದೆ. ಆದ್ದರಿಂದ ಅಲರ್ಜಿ ಇರುವವರ ಕುರ್ಚಿ ಸಂಖ್ಯೆ ಬರೆದ ಪಟ್ಟಿಯೂ ಅಡುಗೆಮನೆಯಲ್ಲಿರಲಿ.

ಭಾಷಣಕ್ಕೆ ಒಂದೇ ಉಪಾಯ: ಯಾರು ಮಾತಾಡುತ್ತಾರೆ, ಎಷ್ಟು ನಿಮಿಷ ಎಂಬುದನ್ನು ಕಾರ್ಯಕ್ರಮ ಪತ್ರದಲ್ಲೇ ಅಚ್ಚು ಹಾಕಿಸಿ. ಅಚ್ಚಾದ ನಿಮಿಷವನ್ನು ಜನ ಮೀರುವುದು ಕಡಿಮೆ.

ಪ್ರಶ್ನೆ: ಅತಿಥಿಗಳ ಪರವಾಗಿ ಉತ್ತರ ಹೇಳಲು ನನ್ನನ್ನು ಕೇಳಿದ್ದಾರೆ. ಎಷ್ಟು ಮಾತಾಡಲಿ?

ಉತ್ತರ: ಮೂರು ನಿಮಿಷ. ಮಾಸ್ಟರ್‌ಗೆ ವಂದನೆ, ಆ ಸಂಜೆ ನೀವು ಕಣ್ಣಾರೆ ಕಂಡ ಒಂದು ಒಳ್ಳೆಯ ಸಂಗತಿ, ಅಡುಗೆ ಮಾಡಿ ಬಡಿಸಿದವರಿಗೆ ಧನ್ಯವಾದ, ಆತಿಥೇಯರಿಗೆ ಶುಭ ಕೋರಿಕೆ. ಧರ್ಮ, ರಾಜಕೀಯ ಎರಡನ್ನೂ ಮುಟ್ಟಬೇಡಿ; ಲಾಡ್ಜ್‌ಗಳಲ್ಲಿ ಇವುಗಳ ಚರ್ಚೆಗೆ ಅವಕಾಶವಿಲ್ಲ, ಊಟದ ಮೇಜಿನಲ್ಲೂ ಆ ಮರ್ಯಾದೆ ನಡೆಯುತ್ತದೆ.

ಪ್ರಶ್ನೆ: ಊಟದ ಹಣ ನಾವು ಕೊಡಬೇಕೇ? ಉಡುಗೊರೆ?

ಉತ್ತರ: ಆಮಂತ್ರಣದಲ್ಲಿ ಮೊತ್ತ ನಮೂದಿಸಿದ್ದರೆ ಉತ್ತರ ಕಳಿಸುವಾಗಲೇ ಪಾವತಿಸಿ, ಇಲ್ಲದಿದ್ದರೆ ಕರೆದವರನ್ನು ನೇರವಾಗಿ ಕೇಳಿ, ಅದರಲ್ಲಿ ಸಂಕೋಚವಿಲ್ಲ. ಉಡುಗೊರೆ ಬೇಡ. ದಾನಕ್ಕೆಂದು ಚೀಲ ಅಥವಾ ಲಕೋಟೆ ಮೇಜಿನ ಸುತ್ತ ಬರುತ್ತದೆ, ರಾಫಲ್ (ಬಹುಮಾನದ ಲಾಟರಿ) ಚೀಟಿಯೂ ಮಾರುತ್ತಾರೆ. ಎರಡಕ್ಕೂ ಚಿಲ್ಲರೆ ನೋಟು ಜೇಬಿನಲ್ಲಿರಲಿ. ಎಷ್ಟು ಹಾಕಿದಿರೆಂದು ಯಾರೂ ನೋಡುವುದಿಲ್ಲ. ರಾಫಲ್‌ಗೆ ಒಂದು ಬಹುಮಾನ ತರಬಹುದೇ ಎಂದು ಮಾತ್ರ ಮುಂಚಿತವಾಗಿ ವಿಚಾರಿಸಿ. ಬಹುತೇಕ ಲಾಡ್ಜ್‌ಗಳು ಸಂತೋಷದಿಂದ ತೆಗೆದುಕೊಳ್ಳುತ್ತವೆ.