ಪಾಟೀಲರು ಎಲ್ಲಿಂದ ಬಂದರು?

ಪುಣೆಯಿಂದ ಬರೆದಿರುವ ಓದುಗರ ಊರು ಧಾರವಾಡದ ಹತ್ತಿರ, ಅಡ್ಡಹೆಸರು ಪಾಟೀಲ. ಪಕ್ಕದ ಮನೆಯವರು ‘ನೀವು ಮೂಲದಲ್ಲಿ ಮರಾಠರೇ, ಕನ್ನಡ ಆಮೇಲೆ ಬಂದದ್ದು’ ಅನ್ನುತ್ತಾರಂತೆ. ಪಾಟೀಲರೆಲ್ಲ ಒಂದೇ ವಂಶ ಅಂತ ಮಗಳು ಎಲ್ಲೋ ಓದಿದಳಂತೆ. ‘ನಮ್ಮ ಮೂಲ ಯಾವುದು?’ ಎಂದು ಕೇಳಿದ್ದಾರೆ.

ಪಾಟೀಲರೇ, ಒಳ್ಳೇ ಪ್ರಶ್ನೆ. ಪಕ್ಕದ ಮನೆಯವರಿಗೂ ಒಂದು ಮಾತು ಬಿಟ್ಟುಕೊಡೋಣ: ಈ ಹೆಸರಿನವರು ಮಹಾರಾಷ್ಟ್ರದಲ್ಲೇ ಜಾಸ್ತಿ. ಅಷ್ಟೇ. ಮಿಕ್ಕಿದ್ದೆಲ್ಲ ಸುಮ್ನೆ ಮಾತು.

ಪಾಟೀಲ ಅನ್ನೋದು ವಂಶ ಅಲ್ಲ, ಹುದ್ದೆ. ಊರಿನ ಕಂದಾಯ ಎತ್ತಿ ಸರ್ಕಾರಕ್ಕೆ ಮುಟ್ಟಿಸಬೇಕು, ಬದುವಿನ ಜಗಳ ಬಿಡಿಸಬೇಕು, ಕಳ್ಳತನವಾದರೆ ಊರ ಕಾವಲಿನ ತಳವಾರನನ್ನು ಕಳ್ಳನ ಹಿಂದೆ ಓಡಿಸಬೇಕು. ಲೆಕ್ಕ ಬರೆಯೋಕೆ ಕುಲಕರ್ಣಿ. ಪಾಟೀಲಿಕೆಗೆ ಪ್ರತಿಯಾಗಿ ವತನದ ಜಮೀನು, ಅಂದರೆ ಹುದ್ದೆಗೆಂದು ಕೊಟ್ಟ ಭೂಮಿ; ಅಪ್ಪನಿಂದ ಮಗನಿಗೆ. ಯಾವ ಊರಲ್ಲಿ ಯಾರ ಕೈ ಮೇಲಿತ್ತೋ ಅವರೇ ಪಾಟೀಲರು! ಅದಕ್ಕೇ ಮರಾಠರಲ್ಲಿ, ಲಿಂಗಾಯತರಲ್ಲಿ, ಜೈನರಲ್ಲಿ, ಮುಸ್ಲಿಮರಲ್ಲಿ, ಮುಂಬೈ ಸುತ್ತಲಿನ ಆಗ್ರಿ ಜಾತಿಯವರಲ್ಲೂ ಪಾಟೀಲರಿದ್ದಾರೆ. ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಲಿಂಗಾಯತರು. 1919ರಲ್ಲಿ ಮಹಾರಾಷ್ಟ್ರದಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದ ಭಾವುರಾವ್ ಪಾಟೀಲರು ಜೈನರು. ಇವರಲ್ಲಿ ಒಂದೇ ರಕ್ತ ಎಲ್ಲಿಂದ ಹುಡುಕುತ್ತೀರಿ?

ಕಲಬುರಗಿ, ರಾಯಚೂರು ಕಡೆ ಹೋದರೆ ಇನ್ನೂ ಮಜಾ. ನಿಜಾಮರ ಕಾಲದಲ್ಲಿ ಅಲ್ಲಿ ಕಂದಾಯಕ್ಕೊಬ್ಬ, ಪೊಲೀಸ್ ಕೆಲಸಕ್ಕೊಬ್ಬ. ಅಲ್ಲಿನ ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಅಡ್ಡಹೆಸರು ಬಂದದ್ದು ಹಾಗೆ. ‘ಮಾಲಿ’ ಅಂದರೆ ತೋಟದವನಲ್ಲ, ಕಂದಾಯದವನು. ದಾವಣಗೆರೆ ಕಡೆಗೆ ಬಂದರೆ ಅದೇ ಹುದ್ದೆ ಪಟೇಲ. ಮುಖ್ಯಮಂತ್ರಿಯಾಗಿದ್ದ ಕಾರಿಗನೂರಿನ ಜೆ.ಎಚ್. ಪಟೇಲರನ್ನು ಗುಜರಾತಿನವರು ಅಂತ ಯಾರಾದರೂ ಅಂದಿದ್ದಾರಾ? ಇನ್ನು ಕನ್ನಡಕ್ಕಾಗಿ ಜೀವನವಿಡೀ ಗುದ್ದಾಡಿದ ಪಾಟೀಲ ಪುಟ್ಟಪ್ಪನವರ ಹೆಸರು ನಿಮ್ಮ ಪಕ್ಕದ ಮನೆಯವರಿಗೆ ಹೇಳಿ ನೋಡಿ.

ಕರ್ನಾಟಕದಲ್ಲಿ ಈ ಹುದ್ದೆ ಹೋಗಿ ಅರವತ್ತು ವರ್ಷ ದಾಟಿತು. ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಹೆಸರು ಮಾತ್ರ ಉಳಿಯಿತು, ಜೊತೆಗೆ ಜಂಬವೂ. ಸಿಟ್ಟಾಗಬೇಡಿ, ನಿಮ್ಮ ಪತ್ರದ ‘ನಮ್ಮದು ಆಳಿದ ಮನೆತನ’ ಎಂಬ ಸಾಲು ನನಗೆ ಸರಿ ಕಾಣಲಿಲ್ಲ. ಆಳಿದ್ದಲ್ಲ ಮಾರಾಯರೇ, ವಸೂಲಿ ಮಾಡಿದ್ದು. ಮೂಲ ಬೇಕಿದ್ದರೆ ತಾಲ್ಲೂಕು ಕಚೇರಿಗೆ ಹೋಗಿ, ನಿಮ್ಮೂರಿನ ಹಳೇ ವತನದ ಕಾಗದ ಕೇಳಿ. ಮಗಳನ್ನೂ ಕರಕೊಂಡು ಹೋಗಿ.

ಅಡ್ಡಹೆಸರು ಕೇಳುವವರಿಗೆ ಇತಿಹಾಸ ಬೇಕಿಲ್ಲ, ಜಾತಿ ಬೇಕು. ನನ್ನ ಪರಿಚಯದ ಹುಡುಗನೊಬ್ಬ ಬೆಂಗಳೂರಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದ. ‘ಪಾಟೀಲ ಅಂದ್ರೆ... ಯಾವ ಪಾಟೀಲ?’ ಅಂದರಂತೆ ಮನೆ ಓನರು. ‘ಬಾಡಿಗೆ ಕೊಡೋ ಪಾಟೀಲ’ ಅಂದನಂತೆ ಇವನು. ಮನೆ ಸಿಗಲಿಲ್ಲ, ಬಿಡಿ.

ಅಡ್ಡಹೆಸರೇ ಇಲ್ಲದ ಮೈಸೂರು ಕಡೆಯವರ ಪಾಡು ಇದಕ್ಕಿಂತ ಕಡೆ. ಅಪ್ಪನ ಹೆಸರು, ಊರ ಹೆಸರು ಇನಿಷಿಯಲ್‌ನಲ್ಲಿ ಇಟ್ಟುಕೊಂಡು ಹಾಯಾಗಿದ್ದವರು. ಈಗ ಎಷ್ಟೋ ಅರ್ಜಿಗಳಲ್ಲಿ ಕೊನೇ ಹೆಸರು ಕಡ್ಡಾಯ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದರೆ ಪ್ರವಾಸಿ ವೀಸಾದಲ್ಲಿ ಒಳಗೆ ಬಿಡಲ್ಲ ಅಂತ 2022ರಲ್ಲಿ ಯುಎಇ ಹೇಳಿಬಿಟ್ಟಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೂ ಸಾಕು ಅಂದಿತು. ಬಸವನೋ ಕೆಂಪಮ್ಮನೋ ದುಬೈ ನೋಡಬೇಕಿದ್ದರೆ ಅಪ್ಪನ ಹೆಸರೇ ಗತಿ!